ಕೆಲಸ ಹೋದ ಮೇಲೆ ಬರಬೇಕಾದ ದುಡ್ಡು: ವಕೀಲೆ ಮೇಡಂಗೆ ಕೇಳಿ

ಅಡ್ಮಿನ್: ಇವತ್ತು ಸಂಜೆ 7ರಿಂದ ಕಾರ್ಮಿಕ ವಕೀಲೆ ಮೇಡಂ ನಮ್ಮ ಗುಂಪಿನಲ್ಲಿರ್ತಾರೆ. ಪಿಎಫ್, ಗ್ರಾಚ್ಯುಟಿ, ಇಎಸ್‌ಐ, ಕೆಲಸದಿಂದ ತೆಗೆದಿದ್ದಕ್ಕೆ ಪರಿಹಾರ, ಇಷ್ಟರ ಬಗ್ಗೆ ಮಾತ್ರ ಕೇಳಿ. ಆಧಾರ್, ಯುಎಎನ್, ಬ್ಯಾಂಕ್ ನಂಬರ್ ಹಾಕಬೇಡಿ. ಕಂಪನಿ ಹೆಸರೂ ಬೇಡ.

ಪೀಣ್ಯ ಫಿಟ್ಟರ್: ನಮಸ್ತೆ ಮೇಡಂ. ಪಿಎಫ್ ಕ್ಲೇಮ್ ಹಾಕಿ 12 ದಿನ ಆಯ್ತು. 'ಅಂಡರ್ ಪ್ರೋಸೆಸ್' ಅಂತಲೇ ತೋರಿಸ್ತಿದೆ. ಏನು ಮಾಡ್ಲಿ?

ವಕೀಲೆ: ನಮಸ್ತೆ. ದಾಖಲೆ ಎಲ್ಲ ಸರಿಯಿದ್ದರೆ ಪಿಎಫ್ ಕಚೇರಿಗೆ 20 ದಿನದ ಗಡುವಿದೆ. ಅಲ್ಲಿವರೆಗೆ ಕಾಯಿರಿ. 21ನೇ ದಿನ ಕುಂದುಕೊರತೆ ಪೋರ್ಟಲ್‌ನಲ್ಲಿ ಕ್ಲೇಮ್ ಐಡಿ ಸಮೇತ ಒಂದು ದೂರು ಹಾಕಿ. ಒಂದೇ ಒಂದು. ಈಗಲೇ ಹಾಕಿದರೆ 'ಪರಿಶೀಲನೆಯಲ್ಲಿದೆ' ಅಂತ ಬರೆದು ಮುಚ್ಚಿಬಿಡ್ತಾರೆ.

ಹರಿಹರದವ: ನನ್ನ ಕ್ಲೇಮ್ ರಿಜೆಕ್ಟ್ ಆಯ್ತು ಮೇಡಂ. ಆಧಾರಲ್ಲಿ ಹೆಸರಿನ ಜೊತೆ ತಂದೆ ಹೆಸರೂ ಇದೆ, ಪಿಎಫ್‌ನಲ್ಲಿ ಬರೀ ಇನಿಷಿಯಲ್. ಕಂಪನಿ ಮುಚ್ಚಿ ಎರಡು ವರ್ಷ ಆಗಿದೆ. ಸಹಿ ಹಾಕೋಕೆ ಯಾರೂ ಇಲ್ಲ.

ವಕೀಲೆ: ಜಂಟಿ ಘೋಷಣೆ, ಅಂದರೆ ನೀವೂ ಮಾಲೀಕರೂ ಸೇರಿ ಕೊಡೋ ತಿದ್ದುಪಡಿ ಅರ್ಜಿ, ಹಾಕಿ ತಿದ್ದಿಸಬೇಕು. ಕಂಪನಿ ನಡೀತಿದ್ದರೆ ಆನ್‌ಲೈನಲ್ಲೇ ಮಾಲೀಕರು ಒಪ್ಪಿ ಕಳಿಸ್ತಾರೆ. ಮುಚ್ಚಿದ ಕಂಪನಿಯಾದರೆ ಕಾಗದದ ಮೇಲೆ ಬರೆದು, ಗೆಜೆಟೆಡ್ ಅಧಿಕಾರಿಯಂಥವರಿಂದ ದೃಢೀಕರಿಸಿ, ಆ ಕಂಪನಿಯ ಖಾತೆ ಯಾವ ಪಿಎಫ್ ಕಚೇರಿಯಲ್ಲಿದೆಯೋ ಅಲ್ಲಿಗೇ ಕೊಡಬೇಕು. ಹಳೇ ಸಂಬಳದ ಚೀಟಿ, ಐಡಿ ಕಾರ್ಡ್ ಏನಿದ್ದರೂ ಜೊತೆಗಿಡಿ. ಹೆಸರು ಸರಿಯಾಗೋ ಮೊದಲೇ ಮತ್ತೆ ಕ್ಲೇಮ್ ಹಾಕಿದರೆ ಮತ್ತೆ ರಿಜೆಕ್ಟ್ ಆಗುತ್ತೆ, ನಿಮ್ಮ ಒಂದು ತಿಂಗಳು ಹೋಗುತ್ತೆ.

ಶಿರಾ ಹುಡುಗ: ಮೇಡಂ, ಪಿಎಫ್ ಪೂರ್ತಿ ತೆಗೆಯೋ ಫಾರ್ಮ್ 19 ಹಾಕೋಕೆ ಎರಡು ತಿಂಗಳು ಕಾಯಬೇಕಾ, ಹನ್ನೆರಡು ತಿಂಗಳಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಲೈನ್ ನಂಬರ್ 6: ಮೇಡಂ ನಾನು ಗಾರ್ಮೆಂಟ್ಸ್ ಟೈಲರ್, 11 ವರ್ಷ 7 ತಿಂಗಳು ಸರ್ವಿಸ್. ಬೇಸಿಕ್ಕು ಡಿಎ ಸೇರಿ 13,000. ಆರ್ಡರ್ ಇಲ್ಲ ಅಂತ ನಮ್ಮ ಲೈನ್ ನಿಲ್ಲಿಸಿದ್ರು. ಶನಿವಾರ ಆಫೀಸಿಗೆ ಕರೆದು ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರು. 40,000 ಅಕೌಂಟಿಗೆ ಬರುತ್ತೆ ಅಂದ್ರು, ಇನ್ನೂ ಬಂದಿಲ್ಲ. ಇದು ಸರಿಯಾದ ಲೆಕ್ಕಾನಾ?

ವಕೀಲೆ: ಆ ಕಾಗದದಲ್ಲಿ 'ರೆಸಿಗ್ನೇಷನ್' ಅನ್ನೋ ಪದ ಇದೆಯಾ? ಫೋಟೋ ಇದ್ದರೆ ನೋಡಿ ಹೇಳಿ.

ಲೈನ್ ನಂಬರ್ 6: ಇದೆ ಮೇಡಂ. 'ಪರ್ಸನಲ್ ರೀಸನ್' ಅಂತಾನೂ ಇದೆ. ಎಲ್ಲಾ ಪ್ರಿಂಟೇ. ಹೆಸರು, ಟೋಕನ್ ನಂಬರ್ ಮಾತ್ರ ಪೆನ್ನಲ್ಲಿ ಬರೆದಿದ್ದು. ಕೆಳಗೆ ರೆವಿನ್ಯೂ ಸ್ಟಾಂಪ್.

ವಕೀಲೆ: ಬೇರೆಯವರು ಸ್ವಲ್ಪ ಹೊತ್ತು ಕಾಯಿರಿ, ಇದನ್ನ ಪೂರ್ತಿ ಬರೀತೀನಿ.

ಮೊದಲು ಲೆಕ್ಕ. ಗ್ರಾಚ್ಯುಟಿಗೆ ತಿಂಗಳ ವೇತನವನ್ನ 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. 13,000ಕ್ಕೆ ಅದು 7,500. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷ ಅಂತ ಎಣಿಕೆ, ಹಾಗಾಗಿ ನಿಮಗೆ 12 ವರ್ಷ. ಒಟ್ಟು 90,000. ಕೆಲಸದಿಂದ ತೆಗೆದಿದ್ದಕ್ಕೆ ಪರಿಹಾರ ಬೇರೆ: ವರ್ಷಕ್ಕೆ 15 ದಿನದ ಸರಾಸರಿ ವೇತನ. ಇಲ್ಲಿ 26ರ ಭಾಗಾಕಾರ ಇಲ್ಲ, ಅರ್ಧ ತಿಂಗಳ ಸಂಬಳ ಅಂತ ಹಿಡೀತಾರೆ. 6,500 ಗುಣಿಸು 12, ಅಂದರೆ 78,000. ಮುಂಚಿತ ನೋಟಿಸ್ ಕೊಟ್ಟಿಲ್ಲವಲ್ಲ, ಅದಕ್ಕೆ ಒಂದು ತಿಂಗಳ ಸಂಬಳ 13,000. ಮೂರೂ ಸೇರಿ 1,81,000. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು (ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ಬಂದ ಕಾನೂನು) ಜಾರಿಗೆ ಬಂದಿವೆ. ಅದರ ಪ್ರಕಾರ ಮರುಕೌಶಲ ನಿಧಿಗೆ (ಕೆಲಸ ಹೋದವರು ಹೊಸ ಕೆಲಸ ಕಲಿಯೋಕೆ ಅಂತ ಇರೋ ನಿಧಿ) ಮಾಲೀಕರು ಇನ್ನೂ 15 ದಿನದ ವೇತನ ಕಟ್ಟಬೇಕು, ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಉಳಿದ ರಜೆ, ಬೋನಸ್ಸು ನಾನಿನ್ನೂ ಎಣಿಸಿಲ್ಲ. ರೋಲ್‌ನಲ್ಲಿ 300 ಜನ ಅಥವಾ ಹೆಚ್ಚು ಇದ್ದರೆ ಮೊದಲು ಸರ್ಕಾರದ ಅನುಮತಿ ಬೇಕು, ನೋಟಿಸ್ ಕೂಡ ಒಂದು ತಿಂಗಳಲ್ಲ, ಮೂರು ತಿಂಗಳು.

ಈಗ ಆ ಕಾಗದಕ್ಕೆ ಬರೋಣ. ಐದು ವರ್ಷ ದಾಟಿದವರು ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಕೊಡಲೇಬೇಕು. 'ಇನ್ನೇನೂ ಬಾಕಿಯಿಲ್ಲ' ಅಂತ ರಸೀದಿಗೆ ಸಹಿ ಹಾಕಿದ್ದರೂ ಆ ಹಕ್ಕು ಹೋಗಲ್ಲ. ಅಂದರೆ ಅವರು ಹೇಳಿದ 40,000 ನಿಮ್ಮ ಗ್ರಾಚ್ಯುಟಿಯ ಅರ್ಧವೂ ಅಲ್ಲ. ಆದರೆ ಉಳಿದ ಎರಡು, 78,000 ಮತ್ತು 13,000, ಕಂಪನಿ ತಾನಾಗಿ ತೆಗೆದರೆ ಮಾತ್ರ. ನೀವೇ ಬಿಟ್ಟಿರಿ ಅಂತ ಕಾಗದ ಹೇಳಿದರೆ ಅವು ಇಲ್ಲ. ಕಂಪನಿ ಆ ಕಾಗದ ಮಾಡಿಸಿಕೊಳ್ಳೋದೇ ಇದಕ್ಕೆ.

ಇಎಸ್‌ಐನಲ್ಲೂ ಅದೇ ಪದ ಅಡ್ಡ ಬರುತ್ತೆ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ 24 ತಿಂಗಳವರೆಗೆ ನಿರುದ್ಯೋಗ ಭತ್ಯೆ ಇದೆ, ಮೊದಲ ವರ್ಷ ದಿನಗೂಲಿಯ ಅರ್ಧ, ಎರಡನೇ ವರ್ಷ ಕಾಲು ಭಾಗ. ಅದು ಕಾರ್ಖಾನೆ ಮುಚ್ಚಿದವರಿಗೆ, ಕಾನೂನುಬದ್ಧವಾಗಿ ಕೆಲಸದಿಂದ ತೆಗೆದವರಿಗೆ, ಶಾಶ್ವತ ಅಂಗವೈಕಲ್ಯ ಆದವರಿಗೆ ಮಾತ್ರ. ರಾಜೀನಾಮೆ ಕೊಟ್ಟವರಿಗೆ ಇಲ್ಲ. ಎಷ್ಟೋ ಜನ ಇಎಸ್‌ಐ ಕಚೇರಿ ತಡ ಮಾಡಿತು ಅಂತ ಬೈತಾರೆ. ಆ ಅರ್ಜಿ ಸೋತಿದ್ದು ಕಾರ್ಖಾನೆಯ ಆಫೀಸ್ ರೂಮಲ್ಲೇ.

ನಾಳೆ ಮಾಡಬೇಕಾದ್ದು: ಕನ್ನಡದಲ್ಲೇ ಒಂದು ಪತ್ರ ಬರೀರಿ. 'ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿಲ್ಲ, ಲೈನ್ ನಿಲ್ಲಿಸಿ, ಒತ್ತಡ ಹಾಕಿ ಸಹಿ ಪಡೆದಿದ್ದೀರಿ, ಆ ರಾಜೀನಾಮೆಯನ್ನು ಹಿಂಪಡೆದಿದ್ದೇನೆ, ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ.' ದಿನಾಂಕ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ. ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ. ದುಡ್ಡು ಖಾತೆಗೆ ಬಂದರೆ ವಾಪಸ್ ಮಾಡಬೇಡಿ, 'ಬಾಕಿಯ ಹಕ್ಕು ಕಾಯ್ದಿರಿಸಿ ಭಾಗಶಃ ಪಡೆದಿದ್ದೇನೆ' ಅಂತ ಇನ್ನೊಂದು ಪತ್ರ. ಸಂಧಾನಕ್ಕೆ ಅರ್ಜಿ ಹಾಕಿ 45 ದಿನ ಕಳೆದರೂ ಇತ್ಯರ್ಥ ಆಗದಿದ್ದರೆ ನೇರ ನ್ಯಾಯಮಂಡಳಿಗೆ ಹೋಗಬಹುದು. ಹೊಸ ಸಂಹಿತೆಯಲ್ಲಿ ಅದಕ್ಕೆ ಎರಡು ವರ್ಷದ ಮಿತಿ. ಹಳೇ ಕಾಯ್ದೆಯಲ್ಲಿ ಮೂರಿತ್ತು.

ನಿಮ್ಮ ಲೈನಿನಲ್ಲಿ ಎಷ್ಟು ಜನ ಸಹಿ ಹಾಕಿದ್ದಾರೆ?

ಲೈನ್ ನಂಬರ್ 6: 43 ಜನ ಮೇಡಂ.

ವಕೀಲೆ: 43 ಜನಕ್ಕೂ ಒಂದೇ ದಿನ 'ವೈಯಕ್ತಿಕ ಕಾರಣ' ಬರಲ್ಲ. ಒಂದೇ ಪ್ರಿಂಟಿನ 43 ಕಾಗದವೇ ನಿಮಗೆ ಸಾಕ್ಷಿ. ಯಾರ ಹತ್ತಿರ ಫೋಟೋ ಇದೆಯೋ ಎಲ್ಲ ಕೂಡಿಡಿ. ಸೂಪರ್‌ವೈಸರ್ ಕರೆದ ಮೆಸೇಜು ಅಳಿಸಬೇಡಿ.

ನೆಲಮಂಗಲ ಎಚ್‌ಆರ್: ಮೇಡಂ, ಒಂದು ಕಡೆ ಮಾತ್ರ ಹೇಳ್ತಿದ್ದೀರಿ. ಆರ್ಡರ್ ಇಲ್ಲದಾಗ ಕಂಪನಿ ಎಲ್ಲಿಂದ ತರುತ್ತೆ? ರಾಜೀನಾಮೆ ತಗೊಂಡರೆ ಮುಂದಿನ ಕಂಪನಿಯಲ್ಲಿ ವರ್ಕರ್‌ಗೂ ಒಳ್ಳೆ ಹೆಸರು.

ಕಟಿಂಗ್ ಮಾಸ್ಟರ್: ಒಳ್ಳೆ ಹೆಸರು ಇಟ್ಕೊಂಡು ಸಾರು ಮಾಡ್ಕೊಂಡು ಉಣ್ಣೋಕಾಗುತ್ತಾ ಸ್ವಾಮಿ?

ನೆಲಮಂಗಲ ಎಚ್‌ಆರ್: ಮರ್ಯಾದೆ ಕೊಟ್ಟು ಮಾತಾಡಿ.

ಕಟಿಂಗ್ ಮಾಸ್ಟರ್: ದಿನಾಂಕ ಹಾಕದೆ ಸಹಿ ತಗೊಳ್ಳೋದು ಯಾವ ಮರ್ಯಾದೆ? ನಮ್ಮಲ್ಲಿ ಸೇರುವಾಗಲೇ ಬಿಳಿ ಹಾಳೆಗೆ ಸಹಿ ಹಾಕಿಸ್ಕೊಳ್ತಿದ್ರು.

ವಕೀಲೆ: ಕಂಪನಿಗೆ ಕಷ್ಟ ಇದ್ದರೆ ಕಾನೂನಲ್ಲೇ ದಾರಿ ಇದೆ. ನೋಟಿಸ್ ಕೊಡಿ, ಕೊನೆಗೆ ಸೇರಿದವರನ್ನ ಮೊದಲು ತೆಗೀರಿ, ಪರಿಹಾರ ಕೊಡಿ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ತೀರಿಸಿ. ಎಚ್‌ಆರ್ ಅವರೇ, ಇದು ನಿಮಗೂ ಗೊತ್ತು. ಮುಂದಿನ ಪ್ರಶ್ನೆ.

ಹೆಗ್ಗನಹಳ್ಳಿ ಅಕ್ಕ: 🔁 *ಕೆಲಸ ಕಳ್ಕೊಂಡ ಎಲ್ಲರಿಗೂ ಯುವನಿಧಿಯಲ್ಲಿ ತಿಂಗಳಿಗೆ 3,000!! ಸೇವಾ ಸಿಂಧುನಲ್ಲಿ ಇವತ್ತೇ ಹಾಕಿ, 10 ಜನಕ್ಕೆ ಕಳಿಸಿ.*

ವಕೀಲೆ: ತಪ್ಪು. ಯುವನಿಧಿ ಹೊಸದಾಗಿ ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಪದವೀಧರರಿಗೆ 3,000, ಡಿಪ್ಲೊಮಾಗೆ 1,500. ಕೆಲಸದಿಂದ ತೆಗೆದವರಿಗೆ ಅದಲ್ಲ. ದಯವಿಟ್ಟು ಅಳಿಸಿ.

ಹೆಗ್ಗನಹಳ್ಳಿ ಅಕ್ಕ: ನಮ್ಮ ಅಕ್ಕನ ಮಗಳಿಗೆ ಬರ್ತಿದೆ ಮೇಡಂ.

ವಕೀಲೆ: ಅವಳು ಡಿಗ್ರಿ ಮುಗಿಸಿದವಳು ಇರಬೇಕು. ಅಳಿಸಿ ಅಂದೆ.

ದಾಬಸ್‌ಪೇಟೆ: ಮೇಡಂ ಪಿಎಫ್ ಅಂಡರ್ ಪ್ರೋಸೆಸ್ ಇದೆ, ಎಷ್ಟು ದಿನ?

ವಕೀಲೆ: 20. ಮೇಲೆ ಬರೆದಿದ್ದೀನಿ.

ಮೋಲ್ಡಿಂಗ್ ಶಾಪ್: 9 ವರ್ಷ 7 ತಿಂಗಳು ಸರ್ವಿಸ್ ಮೇಡಂ. ಪಿಎಫ್ ಬಂತು. ಪೆನ್ಷನ್ ದುಡ್ಡಿಗೆ 10ಸಿ ಹಾಕಿದ್ರೆ 'ಪೆನ್ಷನ್‌ಗೆ ಅರ್ಹರು' ಅಂತ ರಿಜೆಕ್ಟ್ ಮಾಡಿದ್ದಾರೆ. 10 ವರ್ಷ ಆಗೇ ಇಲ್ಲವಲ್ಲ?

ವಕೀಲೆ: ಇಲ್ಲೂ ಆರು ತಿಂಗಳ ನಿಯಮವೇ. 9 ವರ್ಷ 6 ತಿಂಗಳು ಆದರೆ 10 ಅಂತ ಎಣಿಕೆ, ಇಡುಗಂಟು ವಾಪಸ್ ಬರಲ್ಲ. 10ಸಿಯಲ್ಲೇ ಸ್ಕೀಮ್ ಸರ್ಟಿಫಿಕೇಟ್, ಅಂದರೆ ನಿಮ್ಮ ಪಿಂಚಣಿ ಸರ್ವಿಸ್ ದಾಖಲಿಸಿ ಕೊಡೋ ಪತ್ರ, ಆಯ್ಕೆ ಮಾಡಿ ತಗೊಳ್ಳಿ. 58ಕ್ಕೆ ಪೂರ್ತಿ ಪಿಂಚಣಿ, 50 ದಾಟಿದ ಮೇಲೆ ಬೇಕಾದರೆ 58ಕ್ಕೆ ಕಡಿಮೆ ಇರೋ ಒಂದೊಂದು ವರ್ಷಕ್ಕೂ ಶೇ 4 ಕಡಿತ. ಸಂಬಳವಿಲ್ಲದ ರಜೆಯ ದಿನಗಳನ್ನ ಕಳೆದು ಎಣಿಸಿದ್ದಾರಾ ಅಂತ ಪಾಸ್‌ಬುಕ್‌ನಲ್ಲಿ ನೋಡಿ. ಕಳೆದರೆ 9 ವರ್ಷ 6 ತಿಂಗಳಿಗಿಂತ ಕಡಿಮೆ ಆದೀತು, ಆಗ ಉತ್ತರ ಬೇರೆ.

ಕಟಿಂಗ್ ಮಾಸ್ಟರ್: 10 ವರ್ಷಕ್ಕೆ ಪೆನ್ಷನ್ ಎಷ್ಟು ಬರುತ್ತೆ? ಸಾವಿರಾನಾ? ಅದಕ್ಕಿಂತ ಈಗಲೇ ದುಡ್ಡು ಸಿಕ್ಕಿದ್ದರೆ ಒಂದು ಎಮ್ಮೆ ತಗೋಬಹುದಿತ್ತು.

ಮೋಲ್ಡಿಂಗ್ ಶಾಪ್: ನಿಮಗೆ ಎಮ್ಮೆ ಚಿಂತೆ. ಸಾಯೋವರೆಗೂ ಬರುತ್ತಲ್ಲ.

ಕಟಿಂಗ್ ಮಾಸ್ಟರ್: 10,000 ಸಂಬಳಕ್ಕೆ 10 ವರ್ಷ, 70ರಿಂದ ಭಾಗಿಸಿ. 1,428. ಇಪ್ಪತ್ತು ವರ್ಷ ಆದ್ಮೇಲೆ ಅದರಲ್ಲಿ ಒಂದು ಕೆಜಿ ಬೇಳೆ ಬರುತ್ತಾ?

ಪೀಣ್ಯ ಫಿಟ್ಟರ್: ಹೆಂಡ್ತಿಗೂ ಬರುತ್ತೆ ಅಣ್ಣ, ವಿಧವಾ ಪಿಂಚಣಿ. ಎಮ್ಮೆ ಸತ್ತರೆ ಏನು ಬರುತ್ತೆ?

ಅಡ್ಮಿನ್: ಎಮ್ಮೆ ಸಾಕು. ಪ್ರಶ್ನೆ ಕೇಳಿ.

ತುಮಕೂರು ರಸ್ತೆ: 2024ರ ಆಗಸ್ಟಲ್ಲಿ ಕೆಲಸ ಬಿಟ್ಟೆ, 8 ವರ್ಷ ಸರ್ವಿಸ್. ಗ್ರಾಚ್ಯುಟಿ ಇವತ್ತು ಕೊಡ್ತೀವಿ ನಾಳೆ ಕೊಡ್ತೀವಿ ಅಂತಾನೇ ಇದ್ದಾರೆ.

ವಕೀಲೆ: ನಿಮಗೆ ಹಳೇ 1972ರ ಗ್ರಾಚ್ಯುಟಿ ಕಾಯ್ದೆ. ಕೊಡಬೇಕಾದ್ದು 30 ದಿನದಲ್ಲಿ. ನಮೂನೆ ಐ ಭರ್ತಿ ಮಾಡಿ ಕಂಪನಿಗೆ ಕಳಿಸಿ. ಉತ್ತರ ಇಲ್ಲದಿದ್ದರೆ ಅಥವಾ ನಿರಾಕರಿಸಿದರೆ 90 ದಿನದೊಳಗೆ ನಮೂನೆ ಎನ್‌ನಲ್ಲಿ ನಿಯಂತ್ರಣಾಧಿಕಾರಿಗೆ (ಗ್ರಾಚ್ಯುಟಿ ತಕರಾರು ತೀರ್ಮಾನಿಸೋ ಅಧಿಕಾರಿ) ಅರ್ಜಿ. ಬೆಂಗಳೂರಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ತಡವಾಗಿದ್ದರೆ ಕಾರಣ ಬರೆದು ಮನ್ನಾ ಕೇಳಿ. ತಡಕ್ಕೆ ಸರಳಬಡ್ಡಿ ಶೇ 10, ಅದನ್ನ ಅರ್ಜಿಯಲ್ಲೇ ಕೇಳಬೇಕು. ಕೇಳದೆ ಬಂದವರೇ ಜಾಸ್ತಿ.

ಶಿರಾ ಹುಡುಗ: ಮೇಡಂ ನನ್ನ ಫಾರ್ಮ್ 19 ಪ್ರಶ್ನೆ?

ಗೊರಗುಂಟೆಪಾಳ್ಯ: 🔁 *ಪಿಎಫ್ ತೆಗೆಯೋವಾಗ ಎಲ್ಲರೂ 15ಜಿ ಹಾಕಿ, ಒಂದು ಪೈಸೆ ಟ್ಯಾಕ್ಸ್ ಕಟ್ ಆಗಲ್ಲ. ಮಿಸ್ಡ್ ಕಾಲ್ ಕೊಟ್ಟರೆ 3 ದಿನದಲ್ಲಿ ದುಡ್ಡು.*

ವಕೀಲೆ: ಮಿಸ್ಡ್ ಕಾಲ್‌ನಿಂದ ಬ್ಯಾಲೆನ್ಸ್ ಗೊತ್ತಾಗುತ್ತೆ, ದುಡ್ಡು ಬರಲ್ಲ. 15ಜಿ ಅನ್ನೋದು 'ನನಗೆ ಈ ವರ್ಷ ತೆರಿಗೆಯೇ ಬರಲ್ಲ' ಅಂತ ಕೊಡೋ ಘೋಷಣೆ. ತೆರಿಗೆ ಬರೋರು ಹಾಕಿದರೆ ಸುಳ್ಳು ಘೋಷಣೆ. ಐದು ವರ್ಷ ದಾಟಿದವರಿಗೆ ಅದರ ಅಗತ್ಯವೇ ಇಲ್ಲ. ಐದರೊಳಗಿದ್ದು 50,000ಕ್ಕೆ ಕಡಿಮೆ ಇದ್ದರೂ ಕಡಿತ ಇಲ್ಲ. ಕಂಪನಿಯೇ ಮುಚ್ಚಿ ಕೆಲಸ ಹೋಗಿದ್ದರೆ ಐದು ವರ್ಷ ಆಗದಿದ್ದರೂ ತೆರಿಗೆ ಇಲ್ಲ. ಅದಕ್ಕೂ ದಾಖಲೆಯಲ್ಲಿ ಕೆಲಸ ಬಿಟ್ಟ ಕಾರಣ ಸರಿಯಾಗಿರಬೇಕು. ಮತ್ತೆ ಆ ಕಾಗದಕ್ಕೇ ಬಂದ್ವಿ ನೋಡಿ. ಫಾರ್ವರ್ಡ್ ಹಾಕೋರು ಓದಿ ಹಾಕಿ.

ಗೊರಗುಂಟೆಪಾಳ್ಯ: ನಾಲ್ಕು ಜನಕ್ಕೆ ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಸಿಟ್ಟು ಯಾಕೆ? ನಮ್ಮ ಏರಿಯಾದಲ್ಲಿ ಒಬ್ಬರು ಶೇ 10 ತಗೊಂಡು ವಾರದಲ್ಲಿ ಮಾಡಿಸಿಕೊಡ್ತಾರೆ, ನಿಮ್ಮ ಥರ ಬೈಯಲ್ಲ.

ವಕೀಲೆ: ಅವರಿಗೆ ಓಟಿಪಿ ಹೇಳಿದ ದಿನ ನಿಮ್ಮ ಖಾತೆ ಅವರದ್ದು. ಬ್ಯಾಂಕ್ ನಂಬರ್ ಬದಲಾಯಿಸೋದಕ್ಕೂ ಅದೇ ಓಟಿಪಿ.

ಬಾಯ್ಲರ್ ಆಪರೇಟರ್: 4 ವರ್ಷ 9 ತಿಂಗಳು, ಗ್ರಾಚ್ಯುಟಿ ಇದೆಯಾ?

ವಕೀಲೆ: ಐದನೇ ವರ್ಷ 240 ದಿನ ಕೆಲಸ ಮಾಡಿದ್ದರೆ ಕೇಳಿ. ಮದ್ರಾಸ್ ಹೈಕೋರ್ಟ್ ಒಪ್ಪಿದೆ. ಮಾಲೀಕರು ಒಪ್ಪಲ್ಲ, ಜಗಳ ಆಗುತ್ತೆ. ಹಾಜರಾತಿ ದಾಖಲೆ ಇಟ್ಕೊಂಡೇ ಅರ್ಜಿ ಹಾಕಿ.

ಚೆಕಿಂಗ್ ಟೇಬಲ್: ನಾನೂ ಅದೇ 43ರಲ್ಲಿ ಒಬ್ಬಳು ಮೇಡಂ. ನನಗೆ ಆರು ತಿಂಗಳು. ಇಎಸ್‌ಐ ಹೆರಿಗೆ ದುಡ್ಡು ಹೋಯ್ತಾ?

ವಕೀಲೆ: ಇಲ್ಲಮ್ಮ, ಹೆದರಬೇಡಿ. ಕೆಲಸ ಹೋದ ದಿನವೇ ಇಎಸ್‌ಐ ನಿಲ್ಲಲ್ಲ. ಏಪ್ರಿಲ್–ಸೆಪ್ಟೆಂಬರ್ ಕಟ್ಟಿದ್ದಕ್ಕೆ ಮುಂದಿನ ಜನವರಿ–ಜೂನ್, ಅಕ್ಟೋಬರ್–ಮಾರ್ಚ್ ಕಟ್ಟಿದ್ದಕ್ಕೆ ಜುಲೈ–ಡಿಸೆಂಬರ್ ಸೌಲಭ್ಯ. ಹಿಂದಿನ ಎರಡು ಅವಧಿ ಸೇರಿ 70 ದಿನದ ವಂತಿಗೆ ಇದ್ದರೆ 26 ವಾರದ ಹೆರಿಗೆ ಭತ್ಯೆ ಬರುತ್ತೆ. ಶಾಖಾ ಕಚೇರಿಗೆ ಈ ವಾರವೇ ಹೋಗಿ, ಹೆರಿಗೆ ದಿನಾಂಕ ಬರೆದ ಡಾಕ್ಟರ್ ಚೀಟಿ ತಗೊಂಡು. ಇಎಸ್‌ಐನಲ್ಲೇ ಇನ್ನೊಂದು ನಿರುದ್ಯೋಗ ಭತ್ಯೆ ಇದೆ, ಅಟಲ್ ಬಿಮಿತ್ ವ್ಯಕ್ತಿ ಯೋಜನೆ; ಅದರ 90 ದಿನದ ಭತ್ಯೆ ಜೀವಮಾನಕ್ಕೆ ಒಂದೇ ಸಲ. ರಾಜೀವ್ ಗಾಂಧಿ ಯೋಜನೆ ಸಿಗೋ ಹಾಗಿದ್ದರೆ ಅದನ್ನ ಬಿಟ್ಟು ಇದಕ್ಕೆ ಅವಸರ ಮಾಡಬೇಡಿ, ಎರಡೂ ಕೊಡಲ್ಲ.

ನೆಲಮಂಗಲ ಎಚ್‌ಆರ್: ಎಲ್ಲರನ್ನೂ ಕೋರ್ಟಿಗೆ ಕಳಿಸಿ, ಫೀಸು ನಿಮಗೆ.

ಕಟಿಂಗ್ ಮಾಸ್ಟರ್: ಇವರನ್ನ ಗುಂಪಿಂದ ತೆಗೀರಿ ಅಡ್ಮಿನ್. ರಾಜೀನಾಮೆ ಬರೆಸ್ಕೊಂಡೇ ತೆಗೀರಿ.

ಅಡ್ಮಿನ್: ಇಬ್ಬರಿಗೂ ಕೊನೇ ಎಚ್ಚರಿಕೆ.

ದಾಬಸ್‌ಪೇಟೆ: 20 ದಿನ ರಜಾದಿನ ಸೇರಿಸಿಯಾ ಬಿಟ್ಟಾ?

ಲೈನ್ ನಂಬರ್ 6: ಮೇಡಂ, ಕಾಗದದ ಫೋಟೋ ಸರಿಯಾಗಿ ನೋಡಿದೆ. ದಿನಾಂಕದ ಜಾಗ ಖಾಲಿ ಇದೆ. ನಾಳೆ ಬೆಳಿಗ್ಗೆ 9ಕ್ಕೆ ಲೈನ್ ನಂಬರ್ 7ರವರನ್ನ ಕರೆದಿದ್ದಾರಂತೆ.

ವಕೀಲೆ: ಆ ಖಾಲಿ ಜಾಗ ಕಾಣೋ ಹಾಗೆ ಫೋಟೋ ಹಾಗೇ ಇಡಿ, ಎಡಿಟ್ ಮಾಡಬೇಡಿ. ಈಗ ಗುಂಪು ಬಿಟ್ಟು 7ನೇ ಲೈನಿನವರಿಗೆ ಫೋನ್ ಮಾಡಿ. ಒಳಗೆ ಒಬ್ಬೊಬ್ಬರೇ ಹೋಗಬೇಡಿ ಅನ್ನಿ. ಕಾಗದ ಕೊಟ್ಟರೆ 'ಮನೆಗೆ ತಗೊಂಡು ಹೋಗಿ ಓದಿಸಿ ಹೇಳ್ತೀವಿ' ಅನ್ನಲಿ. ಕೊಡಲ್ಲ ಅಂದರೆ ಸಹಿ ಇಲ್ಲ. ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕದಲ್ಲೇ ಆವತ್ತಿನ ದಿನಾಂಕ, 'ಲೈನ್ ನಿಲ್ಲಿಸಿದ್ದಕ್ಕೆ' ಅಂತ ಕನ್ನಡದಲ್ಲಿ ಎರಡು ಪದ. ಗೇಟ್ ಪಂಚ್ ಮಾತ್ರ ತಪ್ಪಿಸಬೇಡಿ, ಆಮೇಲೆ ಗೈರುಹಾಜರಿ ಅಂತಾರೆ.

ಲೈನ್ ನಂಬರ್ 6: ಮಾಡ್ತಿದ್ದೀನಿ ಮೇಡಂ. ಇಬ್ಬರು ಎತ್ತಿದ್ರು.

ಮಾಗಡಿ ರಸ್ತೆ: ಹಾಯ್ ಮೇಡಂ, ಈಗ ಸೇರಿದೆ. ಪಿಎಫ್ ಅಂಡರ್ ಪ್ರೋಸೆಸ್ ಅಂತಿದೆ…