ಪ್ಯಾನಿಕ್ ಆದ ಹಳೇ ಪಿಸಿಯ ಕೊನೇ ಮೆಸೇಜು ಹಿಡಿಯೋದು ಹೇಗೆ?

ಕ್ಯಾತ್ಸಂದ್ರ ಝೆರಾಕ್ಸ್: ಅಂಗಡಿಯ ಡಿಟಿಪಿ ಪಿಸಿ ಹಳೇದು, ಲಿನಕ್ಸ್ ಇದೆ. ಪ್ರಿಂಟ್ ಕೊಟ್ಟಾಗ ಒಮ್ಮೊಮ್ಮೆ ಪೂರ್ತಿ ನಿಂತುಬಿಡುತ್ತದೆ. ಪಿಎಸ್/2 ಕೀಬೋರ್ಡಿನ ಕ್ಯಾಪ್ಸ್‌ಲಾಕ್ ಲೈಟ್ ಮಾತ್ರ ಮಿಣುಕುತ್ತಿರುತ್ತದೆ. ಆಮೇಲೆ ಜರ್ನಲ್ (ಸಿಸ್ಟಮ್ಮಿನ ಲಾಗ್) ನೋಡಿದರೆ ಏನೂ ಇಲ್ಲ.

ಶಿರಾಗೇಟ್ ಸರ್ವೀಸ್: ಲೈಟ್ ಮಿಣುಕಿದರೆ ಕರ್ನಲ್ ಪ್ಯಾನಿಕ್ ಸಾರ್, ಅಂದರೆ ಲಿನಕ್ಸಿನ ತಿರುಳೇ ಕೈಚೆಲ್ಲಿ ನಿಂತಿದೆ. ಆ ಹೊತ್ತಲ್ಲಿ ಡಿಸ್ಕಿಗೆ ಬರೆಯೋರು ಯಾರು? ರ‍್ಯಾಮ್‌ಊಪ್ಸ್ ಅನ್ನೋ ಕರ್ನಲಿನ ಸೌಲಭ್ಯ ಹಾಕಿ. ರ‍್ಯಾಮಿನಲ್ಲಿ 1 ಎಂಬಿ ಎತ್ತಿಟ್ಟರೆ ಕೊನೇ ಮೆಸೇಜು ಅಲ್ಲಿರುತ್ತದೆ. ರೀಬೂಟ್ ಆದಮೇಲೆ ಪಿಸ್ಟೋರ್ ಅನ್ನೋ ಫೋಲ್ಡರಿನಲ್ಲಿ ಫೈಲಾಗಿ ಸಿಗುತ್ತದೆ.

ಟರ್ಮಿನಲ್ ಮೇಡಂ: ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಬಿಟ್ಟರೆ ತಾನೇ? ಎಷ್ಟೋ ಹಳೇ ಬೋರ್ಡುಗಳು ರೀಬೂಟಿನಲ್ಲಿ ರ‍್ಯಾಮ್ ಟೆಸ್ಟ್ ಮಾಡಿ ಎಲ್ಲ ಅಳಿಸುತ್ತವೆ. ಮೊದಲು ಫೈಲುಗಳನ್ನೆಲ್ಲ ಸೇವ್ ಮಾಡಿ, ಸಿಸ್‌ಆರ್‌ಕ್ಯೂ ಟ್ರಿಗರ್ ಅನ್ನೋ ಕರ್ನಲಿನ ಫೈಲಿಗೆ 'ಸಿ' ಅಂತ ಬರೆದು ಬೇಕಂತಲೇ ಕ್ರ್ಯಾಶ್ ಮಾಡಿಸಿ ನೋಡಿ. ಪಿಸ್ಟೋರಿನಲ್ಲಿ ಫೈಲ್ ಬಂದರೆ ಸರಿ.

ಕ್ಯಾತ್ಸಂದ್ರ ಝೆರಾಕ್ಸ್: ನಮ್ಮ ಹುಡುಗ ನಿಂತ ತಕ್ಷಣ ಗೋಡೆ ಸ್ವಿಚ್ಚೇ ಆರಿಸುತ್ತಾನೆ. ಗಿರಾಕಿ ಎದುರಿಗೆ ನಿಂತಿರುತ್ತಾರೆ, ಪಾಪ.

ಶಿರಾಗೇಟ್ ಸರ್ವೀಸ್: ಕರೆಂಟ್ ಹೋದರೆ ರ‍್ಯಾಮೂ ಖಾಲಿ. ಕರ್ನಲ್ ಡಾಟ್ ಪ್ಯಾನಿಕ್ ಅನ್ನೋ ಸೆಟ್ಟಿಂಗನ್ನು 10ಕ್ಕೆ ಇಡಿ, 10 ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತದೆ. ಹುಡುಗ ಸ್ವಿಚ್ ಮುಟ್ಟೋದೇ ಬೇಡ.

ಚಿಂತಾಮಣಿ ಗೀಕ್: ಇಷ್ಟೆಲ್ಲಾ ಯಾಕೆ ಗುರು? ಯುಇಎಫ್‌ಐ (ಬಯಾಸಿನ ಬದಲಿಗೆ ಬಂದ ಹೊಸದು) ಚಿಪ್ಪಿಗೇ ಬರೆಸಿದರೆ ಕರೆಂಟ್ ಹೋದರೂ ಇರುತ್ತದೆ ಅಲ್ವಾ?

ಟರ್ಮಿನಲ್ ಮೇಡಂ: ಅವರದು ಬರೀ ಬಯಾಸ್ ಬೋರ್ಡ್ ಅನ್ನಿಸುತ್ತದೆ. ಯುಇಎಫ್‌ಐ ಇದ್ದರೂ ಹುಷಾರು. 2013ರಲ್ಲಿ ಆ ಚಿಪ್ಪಿನ ಜಾಗ ತುಂಬಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳು ಆನ್ ಆಗೋದನ್ನೇ ಬಿಟ್ಟವು. ಆಮೇಲೆ ಕರ್ನಲಿನವರು ಸುಮಾರು 5 ಕೆಬಿ ಖಾಲಿ ಬಿಡಲೇಬೇಕು ಅಂತ ಕಟ್ಟು ಹಾಕಿದರು. ನನ್ನ ಪ್ರಕಾರ ಹಳೇ ಮೆಷಿನ್ನಿನ ಹೊಟ್ಟೆಯೊಳಗೆ ಏನನ್ನೂ ಉಳಿಸೋಕೆ ಹೋಗಬಾರದು. ನೆಟ್‌ಕನ್ಸೋಲ್ ಹಾಕಿ ಮೆಸೇಜನ್ನು ನೆಟ್‌ವರ್ಕಿನಲ್ಲಿ ಪಕ್ಕದ ಪಿಸಿಗೆ ಕಳಿಸಿ. ಅದು ಹೋಗೋದು ಯುಡಿಪಿ (ತಲುಪಿತಾ ಅಂತ ಕಾಯದ ನೆಟ್‌ವರ್ಕ್ ವಿಧಾನ), ಪೋರ್ಟ್ 6666. ಲಾಗ್‌ಲೆವೆಲ್ (ಯಾವ ಮೆಸೇಜು ತೋರಿಸಬೇಕು ಅನ್ನೋ ಮಟ್ಟ) 8ಕ್ಕೆ ಏರಿಸಿ, ಇಲ್ಲದಿದ್ದರೆ ಅರ್ಧ ಸಾಲು ಬರೋದೇ ಇಲ್ಲ.

ಚಿಂತಾಮಣಿ ಗೀಕ್: ವೈಫೈನಲ್ಲಿ?

ಟರ್ಮಿನಲ್ ಮೇಡಂ: ವೈಫೈ ನಂಬಬೇಡಿ, ಕೇಬಲ್ ಎಳೆಯಿರಿ.

ಶಿರಾಗೇಟ್ ಸರ್ವೀಸ್: ನೆಟ್‌ವರ್ಕ್ ಡ್ರೈವರೇ ಕೈಕೊಟ್ಟಿದ್ದರೆ ಪ್ಯಾಕೆಟ್ ಹೊರಗೇ ಬರಲ್ಲ ಮೇಡಂ. ಸಾರ್, ಪಿಸಿ ಹಿಂದೆ 9 ಪಿನ್ನಿನ ಸೀರಿಯಲ್ ಪೋರ್ಟ್ ಇದೆಯಾ ನೋಡಿ.

ಕ್ಯಾತ್ಸಂದ್ರ ಝೆರಾಕ್ಸ್: ಇದೆ, ಧೂಳು ಕೂತಿದೆ.

ಟರ್ಮಿನಲ್ ಮೇಡಂ: ಹಾಗಾದರೆ ಇವರು ಹೇಳಿದ್ದೇ ಸರಿ, ಅದೇ ಎಲ್ಲಕ್ಕಿಂತ ಗಟ್ಟಿ. ನಲ್ ಮೋಡೆಮ್ ಕೇಬಲ್ (ಎರಡು ಪಿಸಿಗಳನ್ನು ನೇರ ಸೇರಿಸುವ ಸೀರಿಯಲ್ ಕೇಬಲ್), ಪಕ್ಕದ ಪಿಸಿ ಕಡೆ ಯುಎಸ್‌ಬಿ ಕನ್ವರ್ಟರ್. ಕನ್ಸೋಲ್ ಸ್ಪೀಡ್ ಎರಡೂ ಕಡೆ 115200 ಇಡಿ.

ಕ್ಯಾತ್ಸಂದ್ರ ಝೆರಾಕ್ಸ್: ಕೇಬಲ್ ತುಮಕೂರಲ್ಲೇ ಸಿಗುತ್ತಾ, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಬೇಕಾ?

ಶಿರಾಗೇಟ್ ಸರ್ವೀಸ್: ನನ್ನ ಹತ್ತಿರ ಒಂದಿದೆ, ಬಂದು ಒಯ್ಯಿರಿ. ವಾಪಸ್ ಮಾತ್ರ ಕೊಡಿ ಸಾರ್.