ಹಿತ್ತಾಳೆ ಲಗ್ಗಿನ ಒಳಗೆ ಇಳಿಯುತ್ತಿಲ್ಲ: ಸೈಕಲ್ ಫ್ರೇಮ್ ಬ್ರೇಜಿಂಗ್ ಬಗ್ಗೆ ಸಲಹೆ ಬೇಕು

ಉಪ್ಪಳದ ಸವಾರ

ತೋಟದಿಂದ ರಸ್ತೆಯವರೆಗೆ ಅಡಕೆ, ತೆಂಗಿನಕಾಯಿ ಚೀಲ ಹೊರುವಂಥ ಒಂದು ಸೈಕಲ್ ಫ್ರೇಮ್ ಕೈಯಲ್ಲೇ, ಬ್ರೇಜಿಂಗ್‌ನಲ್ಲಿ (ಉಕ್ಕು ಕರಗಿಸದೆ, ಹಿತ್ತಾಳೆ ಕರಗಿಸಿ ಸಂದಿಗೆ ಹರಿಸಿ ಬೆಸೆಯುವುದು) ಮಾಡುವ ಯೋಚನೆ ಉಂಟು. ಲಗ್ಗುಗಳು (ಪೈಪಿನ ತುದಿಗಳನ್ನು ಒಳಗೆ ಕೂರಿಸಿ ಜೋಡಿಸುವ ಉಕ್ಕಿನ ತೋಳುಗಳು) ಗುಜರಿಯ ಹಳೇ ರೋಡ್‌ಸ್ಟರ್ ಸೈಕಲಿನವು, ಬಿಸಿ ಮಾಡಿ ಬಿಡಿಸಿದ್ದು. ಪೈಪ್ ಹೊಸತು: 25.4 ಮಿ.ಮೀ. ಹೊರವ್ಯಾಸ, 1.2 ಮಿ.ಮೀ. ದಪ್ಪ, ಇಆರ್‌ಡಬ್ಲ್ಯೂ (ತಗಡು ಸುತ್ತಿ ಉದ್ದಕ್ಕೆ ವೆಲ್ಡ್ ಮಾಡಿದ್ದು). ಆಕ್ಸಿಜನ್ ಮತ್ತು ಎಲ್‌ಪಿಜಿ ಸೆಟ್, 2.4 ಮಿ.ಮೀ. ಹಿತ್ತಾಳೆ ಕಡ್ಡಿ, ಬಿಳಿಗಾರದ (ಬೋರಾಕ್ಸ್) ಪುಡಿ ಇವೆ.

ತುಂಡು ಪೈಪಿಗೆ ಲಗ್ ಬೆಸೆದು, ಉದ್ದಕ್ಕೆ ಸೀಳಿ ನೋಡಿದರೆ 25 ಮಿ.ಮೀ. ಆಳದಲ್ಲಿ ಹಿತ್ತಾಳೆ ಹೋದದ್ದು ನಾಲ್ಕೈದು ಮಿ.ಮೀ. ಮಾತ್ರ. ಉಳಿದದ್ದು ಒಣ, ಕಪ್ಪು. ಅಂಚಿನಲ್ಲಿ ಹಿತ್ತಾಳೆ ಗುಂಡಾಗಿ ನಿಲ್ಲುತ್ತದೆ. ಇನ್ನಷ್ಟು ಕಾಯಿಸಿದರೆ ಬಿಳಿ ಹೊಗೆ. ಬಿಳಿಗಾರ ಹಾಕುವುದು ಕಡ್ಡಿಯ ತುದಿ ಕಾಯಿಸಿ ಪುಡಿಯಲ್ಲಿ ಅದ್ದಿ. ಬಿಬಿ ಶೆಲ್ (ಪೆಡಲಿನ ಅಚ್ಚು ಕೂರುವ ಕೊಳವೆ) ಅಂತೂ ಸರಿಯಾಗಿ ಕೆಂಪಾಗುವುದೇ ಇಲ್ಲ. ಫ್ರಿಜ್ ಮೆಕ್ಯಾನಿಕ್ ಬಳಸುವ ಕಡ್ಡಿ ಬೇಗ ಹರಿಯುತ್ತದೆ ಅಂತಾರೆ, ಅದಾಗಬಹುದಾ?

ಪೆರ್ಲ ಗ್ಯಾಸ್ ವೆಲ್ಡರ್

ನಿಮ್ಮ ತೊಂದರೆಯ ಅರ್ಧ ಪಾಲು ಬಿಳಿಗಾರ ಹಾಕುವ ಕ್ರಮದಲ್ಲೇ ಉಂಟು. ಕಡ್ಡಿಗೆ ಅಂಟಿದ ಪುಡಿ ಅಂಚಿನಲ್ಲೇ ಕರಗಿ ಅಲ್ಲೇ ಉಳಿಯುತ್ತದೆ. ಲಗ್ಗಿನ ಒಳಗೆ ಪೈಪ್ ಕೆಂಪಾಗುವಾಗ ಅದಕ್ಕೆ ರಕ್ಷಣೆ ಇಲ್ಲ, ಕಪ್ಪು ಪದರ ಕಟ್ಟುತ್ತದೆ. ಆ ಕಪ್ಪಿನ ಮೇಲೆ ಹಿತ್ತಾಳೆ ಹರಿಯುವುದಿಲ್ಲ, ಗುಂಡಾಗುತ್ತದೆ. ನೀವು ಸೀಳಿ ನೋಡಿದ್ದು ಅದನ್ನೇ.

ಮೂರು ಪಾಲು ಬಿಳಿಗಾರಕ್ಕೆ ಒಂದು ಪಾಲು ಬೋರಿಕ್ ಪುಡಿ (ಕೇರಂ ಬೋರ್ಡಿಗೆ ಹಾಕುವಂಥದ್ದು) ಸೇರಿಸಿ, ಬಿಸಿನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಪೈಪಿನ ಹೊರಮೈಗೂ ಲಗ್ಗಿನ ಒಳಮೈಗೂ ಬ್ರಷ್‌ನಲ್ಲಿ ಬಳಿದು, ಆಮೇಲೆ ಜೋಡಿಸಿ. ಹೊರಗೂ ಅಂಚಿನಿಂದ 20 ಮಿ.ಮೀ. ಅಗಲಕ್ಕೆ ಬಳಿಯಿರಿ. ಅದಕ್ಕೂ ಮೊದಲು ಎರಡೂ ಮೈ ಬೆಳ್ಳಗಾಗುವವರೆಗೆ ಎಮರಿ ಪಟ್ಟಿ ಹಾಕಬೇಕು. ಹಳೇ ಲಗ್ಗಿನ ಒಳಗೆ ಹಳೇ ಹಿತ್ತಾಳೆ ಗಡ್ಡೆ ಕಟ್ಟಿರುತ್ತದೆ, ಅದನ್ನು ಅರ್ಧವೃತ್ತದ ಅರದಲ್ಲಿ ಉಜ್ಜಿ ತೆಗೆಯಿರಿ. ಉಜ್ಜಿದ ಮೇಲೆ ಬೆರಳು ತಾಗಿಸಬೇಡಿ, ಥಿನ್ನರ್ ಬಟ್ಟೆಯಲ್ಲಿ ಒರಸಿ.

ಸಂದು: ಪೈಪ್ ಕೈಯಲ್ಲಿ ತಳ್ಳಿದರೆ ಒಳಗೆ ಹೋಗಬೇಕು, ಅಲುಗಾಡಬಾರದು. ಸುತ್ತಲೂ 0.1 ಮಿ.ಮೀ. ಇದ್ದರೆ ಚೆಂದ, ಹಿತ್ತಾಳೆಗೆ 0.2 ಕೂಡ ನಡೆಯುತ್ತದೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಸಂದೇ ಇರುವುದಿಲ್ಲ, ಹರಿಯಲು ಜಾಗವಿಲ್ಲ. ಲಗ್ಗಿನ ಕೋನ ನಿಮ್ಮ ನಕ್ಷೆಯ ಕೋನಕ್ಕೆ ಹೊಂದದೆ ಪೈಪ್ ಓರೆಯಾಗಿ ಕೂತರೆ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಅದನ್ನು ಹಿತ್ತಾಳೆ ಸರಿಮಾಡುವುದಿಲ್ಲ.

ಉಳಿದ ಅರ್ಧ ಕಾಯಿಸುವ ಕ್ರಮದ್ದು. ಹಿತ್ತಾಳೆ ಬಿಸಿ ಇರುವ ಕಡೆಗೆ ಓಡುತ್ತದೆ. ಲಗ್ಗನ್ನು ಮಾತ್ರ ಕಾಯಿಸಿದರೆ ಒಳಗಿನ ಪೈಪ್ ತಣ್ಣಗಿರುತ್ತದೆ, ಹಿತ್ತಾಳೆ ಲಗ್ಗಿನ ಅಂಚಿನಲ್ಲೇ ಹೆಪ್ಪುಗಟ್ಟುತ್ತದೆ. ಜೊತೆಗೆ ಲಗ್ ಪೈಪಿಗಿಂತ 200 ಡಿಗ್ರಿ ಹೆಚ್ಚು ಬಿಸಿಯಾದರೆ 25.4 ಮಿ.ಮೀ. ವ್ಯಾಸದಲ್ಲಿ ಸುಮಾರು 0.06 ಮಿ.ಮೀ. ಹೆಚ್ಚು ಹಿಗ್ಗುತ್ತದೆ, ಅಂದರೆ ಸಂದೂ ಬದಲಾಯಿತು. ಮೊದಲು ಲಗ್ಗಿನ ಹೊರಗೆ 30 ಮಿ.ಮೀ. ಪೈಪನ್ನು ಸುತ್ತಲೂ ಕಾಯಿಸಿ, ನಂತರ ಉರಿಯನ್ನು ಲಗ್ಗಿಗೆ ತನ್ನಿ. ಒಳಗಿನ ನೀಲಿ ಮೊನೆ ಲೋಹಕ್ಕೆ ತಾಗಬಾರದು. ಕೈ ನಿಲ್ಲಬಾರದು.

ಬಿಳಿಗಾರವೇ ನಿಮಗೆ ಹದ ಹೇಳುತ್ತದೆ. ಮೊದಲು ನೀರು ಬಿಟ್ಟು ಬೆಳ್ಳಗೆ ಉಬ್ಬುತ್ತದೆ, ಸುಮಾರು 740 ಡಿಗ್ರಿಗೆ ಕರಗಿ ಗಾಜಿನ ಹಾಗೆ ತಿಳಿಯಾಗುತ್ತದೆ. ಹಿತ್ತಾಳೆ ಕರಗಲು ಇನ್ನೂ 150 ಡಿಗ್ರಿ ಬೇಕು. ಲೋಹ ಕಿತ್ತಳೆ ಬಣ್ಣಕ್ಕೆ ಬಂದಾಗ ಉರಿಯನ್ನು ಸ್ವಲ್ಪ ಹಿಂದೆ ಸರಿಸಿ ಕಡ್ಡಿಯನ್ನು ಲೋಹಕ್ಕೆ ತಾಗಿಸಿ. ಕಡ್ಡಿ ಉರಿಯಿಂದ ಕರಗಬಾರದು, ಲೋಹದ ಬಿಸಿಗೆ ಕರಗಬೇಕು. ಒಂದು ಅಂಚಿನಲ್ಲಿ ಉಣಿಸುತ್ತಾ ಉರಿಯನ್ನು ಎದುರು ಅಂಚಿಗೆ ಒಯ್ಯಿರಿ. ಆ ಕಡೆ ಹಳದಿ ಗೆರೆ ಮಿನುಗಿದರೆ ಒಳಗೆ ತುಂಬಿದೆ ಎಂದೇ ಅರ್ಥ. ನೆರಳಲ್ಲಿ ಕೆಲಸ ಮಾಡಿ, ಬಿಸಿಲಲ್ಲಿ ಕೆಂಪು ಯಾವುದು ಕಿತ್ತಳೆ ಯಾವುದು ಗೊತ್ತಾಗುವುದಿಲ್ಲ.

ಬದಿಯಡ್ಕ ಲೇತ್

ಫ್ರಿಜ್ ಕಡ್ಡಿ ಬೇಡವೇ ಬೇಡ. ತಾಮ್ರಕ್ಕೆ ಹಾಕುವ ಆ ಕಡ್ಡಿಯಲ್ಲಿ ರಂಜಕ ಇರುತ್ತದೆ. ಉಕ್ಕಿಗೆ ತಾಗಿದರೆ ರಂಜಕ ಮತ್ತು ಕಬ್ಬಿಣ ಸೇರಿ ಬೆಸುಗೆಯ ಗಡಿಯಲ್ಲಿ ಪೆಡಸಾದ ಪದರ ಕಟ್ಟುತ್ತದೆ. ನೋಡಲು ನುಣುಪು, ಹರಿವೂ ಚೆಂದ, ಆದರೆ ಚೀಲ ಹೊತ್ತು ಹೊಂಡಕ್ಕೆ ಇಳಿದಾಗ ಗಾಜಿನ ಹಾಗೆ ಬಿಡುತ್ತದೆ. ಇದು ಹೊರಗಿನಿಂದ ಗೊತ್ತಾಗದ ದೋಷ, ಹಾಗಾಗಿ ಹೆಚ್ಚು ಅಪಾಯ.

ಉಕ್ಕಿಗೆ ಆಗುವ ಬೆಳ್ಳಿ ಕಡ್ಡಿ ಬೇರೆ: 45 ಶೇಕಡ ಬೆಳ್ಳಿ, ರಂಜಕ ಇಲ್ಲದ್ದು, ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿ ತೆಗೆದುಕೊಳ್ಳಿ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ. ಬೆಳ್ಳಿ ಕಡ್ಡಿ 650–680 ಡಿಗ್ರಿಯಲ್ಲೇ ಹರಿಯುತ್ತದೆ. ಆ ಬಿಸಿಗೆ ಬಿಳಿಗಾರ ಇನ್ನೂ ಕರಗಿರುವುದಿಲ್ಲ, ಹಾಗಾಗಿ ಅದಕ್ಕೆ ಫ್ಲೋರೈಡ್ ಇರುವ ಬೆಳ್ಳಿ ಫ್ಲಕ್ಸೇ (ಬಿಳಿಗಾರದ ಹಾಗೆ ಲೋಹ ಕಪ್ಪಾಗದಂತೆ ಕಾಯುವ ವಸ್ತು) ಬೇಕು. ಆ ಫ್ಲಕ್ಸನ್ನು ಹಿತ್ತಾಳೆಗೆ ಬಳಸಿದರೆ 900 ಡಿಗ್ರಿಗೆ ಮುಂಚೆಯೇ ಸತ್ತು ಕಪ್ಪಾಗುತ್ತದೆ. ಭಾರ ಹೊರುವ ಸಾದಾ ಉಕ್ಕಿನ ಫ್ರೇಮಿಗೆ ಹಿತ್ತಾಳೆಯೇ ಸಾಕು. ನಿಮ್ಮ ಗುಜರಿ ಲಗ್ಗಿನ ಒರಟು ಸಂದಿಗೆ ಬೆಳ್ಳಿಗಿಂತ ಅದೇ ಒಳ್ಳೆಯದು.

ಬಿಳಿ ಹೊಗೆ ಅಂದರೆ ಸತು ಹಾರುತ್ತಿದೆ. ಸತು ಕುದಿಯುವುದು 907 ಡಿಗ್ರಿಗೆ, ಹಿತ್ತಾಳೆ ಹರಿಯುವ ಬಿಸಿಗೆ ತೀರ ಹತ್ತಿರ. ಹೊಗೆ ಕಂಡ ಕೂಡಲೇ ಉರಿ ಎತ್ತಿ. ಮುಂದುವರಿಸಿದರೆ ಬೆಸುಗೆಯಲ್ಲಿ ಸೂಜಿತೂತು, ನಿಮಗೆ ರಾತ್ರಿ ಚಳಿಜ್ವರ. ಗ್ಯಾಲ್ವನೈಸ್ ಪೈಪ್ ತರಲೇಬೇಡಿ. ಲಗ್ಗಿನಲ್ಲಿ ಕ್ರೋಮ್ ಉಳಿದಿದ್ದರೆ ಅದನ್ನೂ ಪೂರ್ತಿ ತೆಗೆಯಬೇಕು, ಕ್ರೋಮ್ ಮೇಲೆ ಹಿತ್ತಾಳೆ ಹಿಡಿಯುವುದಿಲ್ಲ.

ಮಂಜೇಶ್ವರ ಫ್ಯಾಬ್ರಿಕೇಶನ್

ಇಷ್ಟೆಲ್ಲ ಯಾಕೆ? 1.2 ಮಿ.ಮೀ. ಪೈಪಿಗೆ ಮಿಗ್ (ತಂತಿ ಉಣಿಸುವ ಕರೆಂಟ್ ವೆಲ್ಡಿಂಗ್) ಹಾಕಿದರೆ ಹತ್ತು ನಿಮಿಷದ ಕೆಲಸ. ಹಿತ್ತಾಳೆ ಸರಿ ಬಾರದ ಕಡೆ ಮೇಲಿಂದ ಒಂದು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಕೊಟ್ಟರೂ ಸಾಕಲ್ಲ?

ಪೆರ್ಲ ಗ್ಯಾಸ್ ವೆಲ್ಡರ್

ಹೊಸ ಪೈಪಿಗೆ ಲಗ್ ಇಲ್ಲದೆ ಮಿಗ್ ಹಾಕುವುದು ಬೇರೆ ವಿಷಯ, ಕೈ ಪಳಗಿದವರಿಗೆ ಸಾಧ್ಯ. ಆದರೆ ಹಿತ್ತಾಳೆ ತಾಗಿದ ಜಾಗಕ್ಕೆ ಮಿಗ್, ಆರ್ಕ್ ಯಾವುದೂ ಬೇಡ. ಕರಗಿದ ಉಕ್ಕಿಗೆ ತಾಮ್ರ, ಸತು ಸೇರಿ ವೆಲ್ಡಿಂಗ್ ತಣಿಯುವಾಗಲೇ ಬಿರುಕು ಬಿಡುತ್ತದೆ, ತೂತು ತುಂಬಿಕೊಳ್ಳುತ್ತದೆ. ಹಳೇ ಲಗ್ಗಿನಲ್ಲಿ ಹಿತ್ತಾಳೆ ಇದ್ದೇ ಇರುತ್ತದೆ. ಅಲ್ಲಿ ಟ್ಯಾಕ್ ಕೊಟ್ಟರೆ ಮುಂದೆ ಬ್ರೇಜಿಂಗ್ ಮಾಡಿ ರಿಪೇರಿ ಮಾಡುವ ದಾರಿಯೂ ಮುಚ್ಚುತ್ತದೆ.

ಟ್ಯಾಕ್ ಬದಲು ಪಿನ್ ಹಾಕಿ. ಲಗ್ ಮತ್ತು ಪೈಪ್ ಎರಡನ್ನೂ ದಾಟುವಂತೆ 2.5 ಮಿ.ಮೀ. ತೂತು ಕೊರೆದು ಅದೇ ದಪ್ಪದ ಸಾದಾ ಮೊಳೆ ಬಡಿಯಿರಿ. ಹಿತ್ತಾಳೆ ಅದರ ಸುತ್ತ ತುಂಬುತ್ತದೆ, ಆಮೇಲೆ ತಲೆ ಕತ್ತರಿಸಿ ಅರ ಹಾಕಿದರಾಯಿತು.

ಕುಂಬಳೆ ಸೈಕಲ್ ವರ್ಕ್ಸ್

ಬಿಬಿ ಶೆಲ್ ಬಗ್ಗೆ. ಅದರ ಗೋಡೆ ದಪ್ಪ, ನಾಲ್ಕು ಪೈಪುಗಳು ಅಲ್ಲಿಂದ ಬಿಸಿಯನ್ನು ಎಳೆದುಕೊಂಡು ಹೋಗುತ್ತವೆ. ಸಣ್ಣ ನಾಝಲ್‌ನಲ್ಲಿ ಎಲ್‌ಪಿಜಿ ಉರಿ ಸೋಲುತ್ತದೆ. ಅಸಿಟಿಲಿನ್ ಸುಮಾರು 3,100 ಡಿಗ್ರಿ ಕೊಟ್ಟರೆ ಎಲ್‌ಪಿಜಿ 2,800ರ ಆಸುಪಾಸು, ಅದೂ ಹರಡಿಕೊಂಡ ಉರಿ. ಒಂದೆರಡು ನಂಬರ್ ದೊಡ್ಡ ನಾಝಲ್ ಹಾಕಿ. ಶೆಲ್ಲಿನ ಮೂರು ಬದಿಗೆ ಬೆಂಕಿ ಇಟ್ಟಿಗೆ ನಿಲ್ಲಿಸಿ ಗೂಡಿನ ಹಾಗೆ ಮಾಡಿ, ಗಾಳಿ ತಾಗಬಾರದು. ಗೆರಟೆ ಕೆಂಡದ ಮೇಲೆ ಇಟ್ಟು ಮೊದಲೇ ಮಂದ ಕೆಂಪಿಗೆ ತಂದರೆ ಗ್ಯಾಸೂ ಉಳಿಯುತ್ತದೆ. ಬೂದಿ ಸಂದಿಗೆ ಬೀಳದಂತೆ ನೋಡಿಕೊಳ್ಳಿ. ಉರಿಯನ್ನು ಶೆಲ್ಲಿನ ಒಳಗಿನಿಂದಲೂ ತೋರಿಸಿ. ಹೊರಗಿನಿಂದಲೇ ಕಾಯಿಸಿದರೆ ಶೆಲ್ ಹದಕ್ಕೆ ಬರುವಷ್ಟರಲ್ಲಿ ಪೈಪ್ ಸುಟ್ಟಿರುತ್ತದೆ.

ಥ್ರೆಡ್‌ಗೆ ಹಿತ್ತಾಳೆ ಹರಿದರೆ ದೊಡ್ಡ ಕಿರಿಕಿರಿ. ಸುಣ್ಣದ ಗಂಜಿ ಬಳಿದು ಒಣಗಿಸಿ, ಅಲ್ಲಿ ಹಿತ್ತಾಳೆ ಹಿಡಿಯುವುದಿಲ್ಲ. ಸಂದಿನ ಬಾಯಿಗೆ ಮಾತ್ರ ಸುಣ್ಣ ಸೋಕಬಾರದು. ಎಲ್ಲ ಮುಗಿದ ಮೇಲೆ ಥ್ರೆಡ್ ಕೊರೆಯುವ ಟ್ಯಾಪ್ ಓಡಿಸಬೇಕು: ಸಾಮಾನ್ಯ ಬಿಬಿ 1.37 ಇಂಚು, ಇಂಚಿಗೆ 24 ಎಳೆ, ಚೈನ್ ಬದಿ ಎಡ ಥ್ರೆಡ್.

ಕ್ರಮ: ಮೊದಲು ಸೀಟ್ ಪೈಪ್ ಮತ್ತು ಶೆಲ್. ತಣಿದ ಮೇಲೆ ಶೆಲ್ಲಿನ ಮುಖಕ್ಕೆ ಮೂಲೆಮಟ್ಟ ಇಟ್ಟು ನೋಡಿ, ತಪ್ಪಿದ್ದರೆ ಈಗಲೇ ಸರಿ ಮಾಡಿ. ಆಮೇಲೆ ಹ್ಯಾಂಡಲ್ ಕೂರುವ ಹೆಡ್ ಪೈಪಿನ ಕಡೆ, ಕೊನೆಗೆ ಹಿಂದಿನ ಚಕ್ರ ಹಿಡಿಯುವ ಪೈಪುಗಳು: ಕೆಳಗಿನ ಚೈನ್ ಸ್ಟೇ, ಮೇಲಿನ ಸೀಟ್ ಸ್ಟೇ. ಎರಡೂ ತುದಿ ಮುಚ್ಚಿಹೋಗುವ ಪ್ರತಿ ಪೈಪಿಗೆ ಲಗ್ಗಿನೊಳಗೆ ಮರೆಯಾಗುವ ಜಾಗದಲ್ಲಿ 3 ಮಿ.ಮೀ. ಗಾಳಿತೂತು ಬೇಕು. ಇಲ್ಲದಿದ್ದರೆ ಒಳಗೆ ಹಿಗ್ಗಿದ ಗಾಳಿ ಕರಗಿದ ಹಿತ್ತಾಳೆಯನ್ನು ಹೊರಗೆ ಊದುತ್ತದೆ.

ಇನ್ನೊಂದು ಮುಖ್ಯ ಮಾತು. ಬಿಸಿ ಇರುವಾಗ ಪೈಪನ್ನು ಬಲವಂತವಾಗಿ ಬಗ್ಗಿಸಿ ಕ್ಲಾಂಪ್ ಹಾಕಿ ಹಿಡಿಯಬೇಡಿ. ಎಳೆತದಲ್ಲಿರುವ ಕೆಂಪು ಉಕ್ಕಿನ ಕಣಗಳ ನಡುವೆ ಕರಗಿದ ಹಿತ್ತಾಳೆ ನುಗ್ಗಿ ಒಳಗೊಳಗೇ ಬಿರುಕಾಗುತ್ತದೆ. ಬಲ ಹಾಕದೆ ಸಾಲಿಗೆ ಬಾರದ ಪೈಪಿನ ತುದಿಯನ್ನು ಮತ್ತೆ ಅರ ಹಾಕಿ ಹೊಂದಿಸುವುದೇ ದಾರಿ. ತಣಿಸಲು ನೀರು, ಫ್ಯಾನ್ ಬೇಡ.

ಸೈಕಲ್ ಅಂಗಡಿಯ ಕೈ ಅಂದರೆ ಗ್ರೀಸ್. ಆ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಬೇಡಿ, ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎರಡೂ ಹೋಸ್‌ಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಉರಿ ಹಿಮ್ಮುಖವಾಗಿ ಓಡದಂತೆ ತಡೆಯುವ ಸಾಧನ) ಇರಲಿ.

ಉಪ್ಪಳದ ಸವಾರ

ಧನ್ಯವಾದ ಅಣ್ಣಂದಿರೇ. ಬಿಳಿಗಾರದ ಹಿಟ್ಟು ಬಳಿದು, ಪೈಪ್ ಮೊದಲು ಕಾಯಿಸಿದಾಗ ಹಿತ್ತಾಳೆ ಎದುರು ಅಂಚಿನವರೆಗೂ ಬಂತು. ಸೀಳಿದರೆ ಒಂದು ಬದಿಯಲ್ಲಿ ಮಾತ್ರ ಬೆರಳಗಲ ಒಣ ಜಾಗ ಉಂಟು. ಮತ್ತೆ ಗಾಜಿನಂಥ ಬಿಳಿಗಾರ ಬಿಡುವುದೇ ಇಲ್ಲ, ಅದು ಹಾಗೇ ಇದ್ದರೆ ತೊಂದರೆ ಉಂಟಾ?

ಬದಿಯಡ್ಕ ಲೇತ್

ಒಣ ಜಾಗ ಪೈಪಿನ ವೆಲ್ಡ್ ಗೆರೆಯ ನೇರಕ್ಕೆ ಉಂಟಾ ನೋಡಿ. ಇಆರ್‌ಡಬ್ಲ್ಯೂ ಪೈಪಿನ ಹೊರಗೆರೆ ಸ್ವಲ್ಪ ಎದ್ದಿದ್ದರೆ ಅಲ್ಲಿ ಸಂದು ಮುಚ್ಚುತ್ತದೆ. ಲಗ್ಗಿನೊಳಗೆ ಹೋಗುವಷ್ಟು ಉದ್ದಕ್ಕೆ ಅದನ್ನು ಅರ ಹಾಕಿ ಸಮ ಮಾಡಿ. ಬೇರೆ ಕಡೆ ಇದ್ದರೆ ಉರಿ ಆ ಬದಿಗೆ ತಲುಪಿಲ್ಲ ಎಂದರ್ಥ, ಫ್ರೇಮನ್ನು ತಿರುಗಿಸಿ ಕಾಯಿಸಬೇಕು.

ಗಾಜು ಹಾಗೇ ಬಿಡಬೇಡಿ. ನಮ್ಮ ಕರಾವಳಿಯ ಹವೆಯಲ್ಲಿ ಅದು ತೇವ ಹೀರಿ ಪೇಂಟನ್ನು ಎಬ್ಬಿಸುತ್ತದೆ, ಕೆಳಗೆ ತುಕ್ಕು. ಕೆಲವೊಮ್ಮೆ ಸೂಜಿತೂತನ್ನೂ ಮುಚ್ಚಿ ಮೋಸ ಮಾಡುತ್ತದೆ. ಪೂರ್ತಿ ತಣಿದ ಮೇಲೆ ಜೋಡಣೆಗೆ ಗೋಣಿ ಸುತ್ತಿ ಕುದಿನೀರು ಹೊಯ್ದು ರಾತ್ರಿಯಿಡೀ ನೆನೆಯಲು ಬಿಡಿ, ಬೆಳಗ್ಗೆ ತಂತಿ ಬ್ರಷ್‌ಗೆ ಬರುತ್ತದೆ. ಉಳಿದದ್ದಕ್ಕೆ ಮತ್ತೊಮ್ಮೆ ಅದೇ. ಆಮೇಲೆ ಒಲೆ ಹತ್ತಿರ ಒಣಗಿಸಿ ಅದೇ ದಿನ ಪ್ರೈಮರ್ ಹೊಡೆಯಿರಿ.

ಶೆಲ್ಲಿನ ಅಡಿಯಲ್ಲಿ 5 ಮಿ.ಮೀ. ತೂತು ಕೊರೆಯಿರಿ. ಮಳೆಗಾಲದಲ್ಲಿ ಸೀಟ್ ಪೈಪಿನಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ, ಫ್ರೇಮ್ ಕೊಳೆಯುವುದು ಒಳಗಿನಿಂದ. ಪೇಂಟ್ ಆದ ಮೇಲೆ ಪೈಪಿನೊಳಗೆ ಎಂಜಿನ್ ಆಯಿಲ್ ಹೊಯ್ದು, ಫ್ರೇಮನ್ನು ಎಲ್ಲ ಬದಿಗೆ ತಿರುಗಿಸಿ, ಆ ತೂತಿನಿಂದಲೇ ಬಸಿದುಬಿಡಿ. ಜೂನ್‌ಗೆ ಮುಂಚೆ ವರ್ಷಕ್ಕೊಮ್ಮೆ ಇದನ್ನು ಮಾಡಿದರೆ ಸಾಕು.