ಚೀನಾದ ಶಿಯಾನ್‌ನಿಂದ ಉರುಂಚಿಗೆ ರೈಲು, ಅಲ್ಲಿ ಹೋಟೆಲ್ ಹೇಗೆ?

ಅಲೆಮಾರಿ: ಸೆಪ್ಟೆಂಬರ್‌ನಲ್ಲಿ ಅಮ್ಮನ ಜೊತೆ ಹೋಗುತ್ತಿದ್ದೇನೆ. ಹಾರ್ಡ್ ಸ್ಲೀಪರ್ ಸಾಕಾ? ಹೋಟೆಲ್ ಇಳಿದ ಮೇಲೆ ಹುಡುಕಬಹುದಾ? ಅಮ್ಮ ಸಸ್ಯಾಹಾರಿ.

ರೈಲುಹುಚ್ಚು: ಹಾರ್ಡ್ ಅಂದ್ರೆ ಹಲಗೆ ಅಲ್ಲ, ಹಾಸಿಗೆ, ರಜಾಯಿ ಎಲ್ಲಾ ಇರುತ್ತೆ. ಎದುರುಬದುರು ಮೂರು ಮೂರು ಬರ್ತ್, ಬಾಗಿಲಿಲ್ಲ. ಮೇಲಿನದು ಅಗ್ಗ, ಆದರೆ ನೆಟ್ಟಗೆ ಕೂರೋಕಾಗಲ್ಲ, ಅಮ್ಮನಿಗೆ ಕೆಳಗಿನದೇ ಹಿಡಿಯಿರಿ. ಸಾಫ್ಟ್‌ನಲ್ಲಿ ನಾಲ್ಕೇ ಬರ್ತ್, ಬಾಗಿಲು ಇದೆ, ದುಡ್ಡು ಜಾಸ್ತಿ. ಚೀನಾ ರೈಲ್ವೆಯ 12306 ಆ್ಯಪ್‌ನಲ್ಲಿ 15 ದಿನ ಮುಂಚೆ ಟಿಕೆಟ್ ಬಿಡುತ್ತಾರೆ. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆ ಹತ್ತಿರ ಮಾತ್ರ ಬೇಡವೇ ಬೇಡ. ಬೋಗಿಯ ತುದಿಯಲ್ಲಿ ಕುದಿಯುವ ನೀರು ಸಿಗುತ್ತೆ, ಸುಮ್ನೆ ನೀರು ಹಾಕಿ ಮುಚ್ಚಿಟ್ಟರೆ ಆಗುವ ಉಪ್ಪಿಟ್ಟು, ಅವಲಕ್ಕಿ ಒಯ್ಯಿರಿ.

ಪಡುವಣ: ಹೋಟೆಲ್ ಮಾತ್ರ ಮೊದಲೇ ಬುಕ್ ಮಾಡಿ. ವಿದೇಶಿಯರನ್ನು ವಾಪಸ್ ಕಳಿಸಬಾರದು ಅಂತ 2024ರಲ್ಲಿ ಸರ್ಕಾರವೇ ಹೇಳಿದೆ, ಆದರೂ ಸಣ್ಣ ಕಡೆ ಪಾಸ್‌ಪೋರ್ಟ್ ನೋಡಿದ ತಕ್ಷಣ ಕೈ ಆಡಿಸಿಬಿಡುತ್ತಾರೆ, ನನಗೇ ಆಗಿದೆ. 24 ಗಂಟೆಯೊಳಗೆ ಪೊಲೀಸ್ ನೋಂದಣಿ ಆಗಬೇಕು, ಅದನ್ನು ಹೋಟೆಲ್‌ನವರೇ ಮಾಡುತ್ತಾರೆ. ಇನ್ನೊಂದು, ಅಲ್ಲಿ ಕೆಲವರು ಬೀಜಿಂಗ್‌ಗಿಂತ ಎರಡು ಗಂಟೆ ಹಿಂದಿನ ಸಮಯ ಹೇಳುತ್ತಾರೆ. ರೈಲು ಓಡುವುದು ಬೀಜಿಂಗ್ ಸಮಯಕ್ಕೇ.

ಅಲೆಮಾರಿ: ಥ್ಯಾಂಕ್ಸ್. ಸಾಫ್ಟ್‌ನಲ್ಲೇ ಹೋಗುತ್ತೇವೆ, ಅಮ್ಮನಿಗೆ ಬಾಗಿಲು ಬೇಕಂತೆ.